ಪಿಎಚ್.ಡಿ. ಆದಮೇಲೆ ಪೋಸ್ಟ್‌ಡಾಕ್: ಯಾರಿಗೆ, ಎಲ್ಲಿ, ಯಾವಾಗ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನವಳು. ಮದುವೆಯಾಗಿ ದಾವಣಗೆರೆಯಲ್ಲಿದ್ದೇನೆ, ವಯಸ್ಸು 36. ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ. ಪಡೆದು ಮೂರು ವರ್ಷವಾಯಿತು. ಶೇಂಗಾ ಬೆಳೆಗಾರರು ಮಂಡಿ ದಲಾಲರ ಹತ್ತಿರ ಪಡೆಯುವ ಮುಂಗಡದ ಬಗ್ಗೆ ನನ್ನ ಪ್ರಬಂಧ, ಬರೆದದ್ದು ಕನ್ನಡದಲ್ಲಿ. ಅಧ್ಯಾಪಕ ಹುದ್ದೆಗೆ ಅರ್ಹತೆ ಕೊಡುವ ರಾಜ್ಯದ ಪರೀಕ್ಷೆ ಕೆ-ಸೆಟ್ ಆಗಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಏಳು ವರ್ಷದ ಮಗಳಿದ್ದಾಳೆ. ಪೋಸ್ಟ್‌ಡಾಕ್ ಅಂದರೆ ಪಿಎಚ್.ಡಿ.ಗಿಂತ ಮೇಲಿನ ಪದವಿ, ಅದಾದರೆ ಕಾಯಂ ಕೆಲಸ ಸಲೀಸು ಅಂತ ಕೆಲವರು ಹೇಳುತ್ತಾರೆ. ಅದೆಲ್ಲ ಸೈನ್ಸ್‌ನವರಿಗೆ, ಅದೂ 35ರ ಒಳಗಿದ್ದರೆ ಮಾತ್ರ ಅಂತ ಇನ್ನು ಕೆಲವರು. ಅತಿಥಿ ಉಪನ್ಯಾಸ ಬಿಟ್ಟು ಹೋದರೆ ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಭಯವೂ ಇದೆ. ನನ್ನ ತಮ್ಮ (30 ವರ್ಷ) ರಸಾಯನಶಾಸ್ತ್ರದಲ್ಲಿ ಥೀಸಿಸ್ ಸಲ್ಲಿಸಿ ವೈವಾಗೆ (ಮೌಖಿಕ ಪರೀಕ್ಷೆಗೆ) ಕಾಯುತ್ತಿದ್ದಾನೆ. ಯುರೋಪಿನಲ್ಲಿ ಪೋಸ್ಟ್‌ಡಾಕ್ ಆಫರ್ ಲೆಟರ್ ಕೊಡಿಸುತ್ತೇವೆ ಎಂದು ಒಂದು ಏಜೆನ್ಸಿ ಅವನಿಂದ 80 ಸಾವಿರ ಕೇಳಿದೆ. ಹತ್ತು ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ. ಇಬ್ಬರಿಗೂ ದಾರಿ ತಿಳಿಸಿ.

ಉತ್ತರ: ಮೊದಲು ಆ ಹತ್ತು ಸಾವಿರದ ವಿಷಯ, ಏಕೆಂದರೆ ಉಳಿದದ್ದಕ್ಕೆ ಸಮಯವಿದೆ, ಇದಕ್ಕಿಲ್ಲ. ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ. ಪೋಸ್ಟ್‌ಡಾಕ್ ಎಂದರೆ ಸಂಶೋಧಕನಿಗೆ ಸಂಸ್ಥೆಯವರು ಹಣ ಕೊಡುವ ವ್ಯವಸ್ಥೆ, ಸಂಶೋಧಕ ಸಂಸ್ಥೆಗೆ ಕೊಡುವುದಲ್ಲ. ಜರ್ಮನಿಯ ಹಂಬೋಲ್ಟ್, ಯುರೋಪಿನ ಮೇರಿ ಕ್ಯೂರಿ, ಅಮೆರಿಕದ ಫುಲ್‌ಬ್ರೈಟ್-ನೆಹರೂ, ಈ ಫೆಲೋಶಿಪ್‌ಗಳು ಯಾವುದಕ್ಕೂ ಅರ್ಜಿ ಶುಲ್ಕವಿಲ್ಲ. ನಡುವೆ ಏಜೆಂಟರಿಗೆ ಜಾಗವೂ ಇಲ್ಲ. ಮೇರಿ ಕ್ಯೂರಿ ಅರ್ಜಿಯನ್ನಂತೂ ಆತಿಥೇಯ ಸಂಸ್ಥೆ ಮತ್ತು ಅಭ್ಯರ್ಥಿ ಸೇರಿಯೇ ಯುರೋಪಿಯನ್ ಒಕ್ಕೂಟದ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಆ ಏಜೆನ್ಸಿ ಯಾವ ಪ್ರಾಧ್ಯಾಪಕರ ಹೆಸರು ಹೇಳಿದೆಯೋ, ಅವರ ಇಮೇಲ್ ವಿಳಾಸವನ್ನು ವಿಶ್ವವಿದ್ಯಾಲಯದ ಅಧಿಕೃತ ಪುಟದಿಂದಲೇ ತೆಗೆದುಕೊಂಡು ನಿಮ್ಮ ತಮ್ಮ ನೇರವಾಗಿ ಬರೆಯಲಿ: ‘ನಿಮ್ಮ ಹೆಸರಿನಲ್ಲಿ ಹೀಗೊಂದು ಆಫರ್ ಬಂದಿದೆ, ನಿಜವೇ?’ ಎರಡು ಸಾಲು ಸಾಕು. ಕೊಟ್ಟ ಹಣವನ್ನು ವಾಪಸ್ ಕೊಡುವಂತೆ ಏಜೆನ್ಸಿಗೆ ಬರಹದಲ್ಲಿ ಕೇಳಲಿ. ಮೋಸ ಎಂದು ಖಚಿತವಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಯುಪಿಐ ಮೂಲಕ ಹೋದ ಹಣವಾದರೆ ತಡ ಮಾಡಿದಷ್ಟೂ ವಾಪಸ್ ಬರುವ ಸಾಧ್ಯತೆ ಕಡಿಮೆ. ಮನೆಯಲ್ಲಿ ಇದನ್ನು ಮುಚ್ಚಿಟ್ಟುಕೊಳ್ಳುವುದೂ ಬೇಡ. ಥೀಸಿಸ್ ಮುಗಿಸಿ ಕೈ ಖಾಲಿ ಇರುವ ಹುಡುಗರನ್ನೇ ಇಂಥವರು ಹುಡುಕಿ ಹಿಡಿಯುತ್ತಾರೆ. ಸಿಕ್ಕಿಬಿದ್ದವರ ತಪ್ಪು ಅದರಲ್ಲಿ ಬಹಳ ಕಡಿಮೆ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಕಾಣುವ ನಿಜವಾದ ಚಿಂತೆ ‘ಇಷ್ಟು ವರ್ಷ ಓದಿದ್ದು ಇಲ್ಲಿಗೇ ನಿಂತು ಹೋಗುತ್ತದೆಯೇ’ ಎಂಬುದು. ನಿಲ್ಲಬೇಕಾಗಿಲ್ಲ. ಆದರೆ ಪೋಸ್ಟ್‌ಡಾಕ್‌ನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ಬಿಡಿಸಿಕೊಳ್ಳದಿದ್ದರೆ ಎರಡು ವರ್ಷದ ನಂತರ ಈಗಿರುವ ಜಾಗದಲ್ಲೇ ಇರುತ್ತೀರಿ.

ಪೋಸ್ಟ್‌ಡಾಕ್ ಪದವಿಯಲ್ಲ. ಘಟಿಕೋತ್ಸವವಿಲ್ಲ, ಹೆಸರಿನ ಮುಂದೆ ಸೇರಿಸಿಕೊಳ್ಳಲು ಹೊಸದೇನೂ ಬರುವುದಿಲ್ಲ. ಡಿ.ಲಿಟ್., ಡಿ.ಎಸ್ಸಿ. ಬೇರೆ, ಅವು ಪದವಿಗಳು. ಪೋಸ್ಟ್‌ಡಾಕ್ ಎಂದರೆ ಒಬ್ಬ ಅನುಭವಿ ಸಂಶೋಧಕರ ಜೊತೆ, ಒಂದು ಸಂಸ್ಥೆಯಲ್ಲಿ, ನಿಗದಿತ ಅವಧಿಗೆ ಮಾಡುವ ಪೂರ್ಣಾವಧಿ ಸಂಶೋಧನೆ. ಅದಕ್ಕೆ ತಿಂಗಳ ಫೆಲೋಶಿಪ್ ಬರುತ್ತದೆ. ಪಿಎಚ್.ಡಿ.ಯಲ್ಲಿ ಗೈಡ್ ಹೇಳಿದಂತೆ ನಡೆದವರು ಇಲ್ಲಿ ತಾವೇ ಪ್ರಶ್ನೆ ಹಾಕಿಕೊಂಡು ತಾವೇ ಉತ್ತರ ಹುಡುಕಬೇಕು. ಕೊನೆಗೆ ಕೈಯಲ್ಲಿ ಉಳಿಯುವುದು ನೀವು ಪ್ರಕಟಿಸಿದ ಲೇಖನ, ಬರೆದ ಪುಸ್ತಕ, ಕಲಿತ ವಿಧಾನ, ನಿಮ್ಮ ಕೆಲಸ ನೋಡಿ ಬಲ್ಲ ನಾಲ್ಕು ಜನ.

ಕಾಯಂ ಕೆಲಸಕ್ಕೆ ಇದರ ತೂಕ ಎಷ್ಟು? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಕರೆಯುವವರ ಪಟ್ಟಿ ಮಾಡಲು ಅಂಕಗಳ ಕೋಷ್ಟಕವಿದೆ. ಅದರಲ್ಲಿ ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2 ಅಂಕ, ಗರಿಷ್ಠ 10. ಎರಡಕ್ಕೂ ಒಂದೇ ಸಾಲು, ಒಂದೇ ತೂಕ. ಅಂದರೆ ಎರಡು ವರ್ಷದ ಪೋಸ್ಟ್‌ಡಾಕ್‌ನಿಂದ ಬರುವುದು 4 ಅಂಕ. ಅದೇ ಕೋಷ್ಟಕದಲ್ಲಿ ಪ್ರಕಟಣೆಗಳಿಗೂ ಗರಿಷ್ಠ 10 ಅಂಕ ಇದೆ, ಒಂದು ಲೇಖನಕ್ಕೆ 2ರಂತೆ. ಪೋಸ್ಟ್‌ಡಾಕ್ ನಿಮಗೆ ನಿಜವಾಗಿ ಸಹಾಯ ಮಾಡುವುದು ಈ ಎರಡನೇ ಸಾಲಿನಲ್ಲಿ, ಆಮೇಲೆ ಸಂದರ್ಶನದಲ್ಲಿ. ಏಕೆಂದರೆ ಕೋಷ್ಟಕದ ಅಂಕ ಶಾರ್ಟ್‌ಲಿಸ್ಟ್‌ವರೆಗೆ ಮಾತ್ರ, ಆಯ್ಕೆ ಆಗುವುದು ಸಂದರ್ಶನದಲ್ಲಿ.

ಇದು ವಿಶ್ವವಿದ್ಯಾಲಯಗಳ ಲೆಕ್ಕ. ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ದಾರಿಯೇ ಬೇರೆ. 2021ರಲ್ಲಿ ಅಧಿಸೂಚನೆಯಾದ 1,242 ಹುದ್ದೆಗಳನ್ನು ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸ್ಪರ್ಧಾತ್ಮಕ ಪರೀಕ್ಷೆ ನಡೆಸಿ ತುಂಬಿತು. ಆ ಪರೀಕ್ಷಾ ಹಾಲ್‌ನಲ್ಲಿ ಪೋಸ್ಟ್‌ಡಾಕ್ ಆದವರಿಗೂ ಆಗದವರಿಗೂ ಒಂದೇ ಪ್ರಶ್ನೆಪತ್ರಿಕೆ. ನಿಮ್ಮ ಗುರಿ ಸರ್ಕಾರಿ ಕಾಲೇಜಿನ ಕಾಯಂ ಹುದ್ದೆ ಒಂದೇ ಆಗಿದ್ದರೆ ಪೋಸ್ಟ್‌ಡಾಕ್ ಅದಕ್ಕೆ ಹತ್ತಿರದ ದಾರಿಯಲ್ಲ. ಇದನ್ನು ಹೇಳಲು ನನಗೆ ಹಿತವೆನಿಸುವುದಿಲ್ಲ, ಆದರೆ ಮುಚ್ಚುಮರೆ ಮಾಡಿದರೆ ನಿಮಗೆ ಅನ್ಯಾಯ ಮಾಡಿದಂತೆ. ವಿಶ್ವವಿದ್ಯಾಲಯ, ಕೇಂದ್ರೀಯ ಸಂಸ್ಥೆ, ಸಂಶೋಧನಾ ಕೇಂದ್ರಗಳ ಕಡೆ ಮುಖ ಮಾಡುವುದಾದರೆ, ಅಥವಾ ಆ ಶೇಂಗಾ ಸಾಲದ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ಯುವ ಹಂಬಲವಿದ್ದರೆ, ಪೋಸ್ಟ್‌ಡಾಕ್‌ನಷ್ಟು ಒಳ್ಳೆಯ ಅವಕಾಶ ಇನ್ನೊಂದಿಲ್ಲ. ಎರಡನ್ನೂ ಜೊತೆಗೆ ಇಟ್ಟುಕೊಳ್ಳಬಹುದು ಎಂಬುದನ್ನೂ ಮರೆಯಬೇಡಿ: ಫೆಲೋಶಿಪ್‌ನಲ್ಲಿದ್ದವರು ಕೆಇಎ ಪರೀಕ್ಷೆ ಬರೆಯಬಾರದು ಎಂದೇನಿಲ್ಲ.

‘ಸೈನ್ಸ್‌ನವರಿಗೆ ಮಾತ್ರ’ ಎಂಬ ಮಾತು ನಮ್ಮ ಕಡೆ ಯಾಕೆ ಇಷ್ಟು ಬೇರೂರಿದೆ ಎಂದರೆ, ವಿಜ್ಞಾನದಲ್ಲಿ ಪೋಸ್ಟ್‌ಡಾಕ್ ಮಾಡದೆ ಮುಂದೆ ಹೋಗುವುದೇ ಕಷ್ಟ, ಹಾಗಾಗಿ ಎಲ್ಲರ ಬಾಯಲ್ಲೂ ಅದೇ ಹೆಸರು. ಮಾನವಿಕ ಮತ್ತು ಸಮಾಜ ವಿಜ್ಞಾನಗಳಲ್ಲಿ ಅವಕಾಶ ಕಡಿಮೆ ಇರಬಹುದು, ಇಲ್ಲವೇ ಇಲ್ಲ ಅಲ್ಲ. ನಿಮಗೆ ಮೊದಲ ಬಾಗಿಲು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, 1969ರಲ್ಲಿ ಆರಂಭವಾದ ಐಸಿಎಸ್‌ಎಸ್‌ಆರ್. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ವಾಣಿಜ್ಯ, ಶಿಕ್ಷಣ, ಮನಃಶಾಸ್ತ್ರ, ಕಾನೂನು ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಎರಡು ವರ್ಷದ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಕೊಡುತ್ತದೆ, ವಯೋಮಿತಿಯಲ್ಲೂ ಉದಾರ: 45ರವರೆಗೆ ಅವಕಾಶ ಕೊಟ್ಟುಕೊಂಡು ಬಂದಿದೆ. 36 ಅದಕ್ಕೆ ತಡವೇ ಅಲ್ಲ. ಯುಜಿಸಿ 2022ರಲ್ಲಿ ಡಾ. ರಾಧಾಕೃಷ್ಣನ್ ಹೆಸರಿನ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಘೋಷಿಸಿತು: ಎಲ್ಲ ವಿಷಯಗಳಿಗೂ ಸೇರಿ 900, ಅದರಲ್ಲಿ ಶೇ 30 ಮಹಿಳೆಯರಿಗೆ, ತಿಂಗಳಿಗೆ 50 ಸಾವಿರ. ಅದನ್ನೇ ನಂಬಿ ಕೂರಬೇಡಿ, ಕರೆ ಬಂದ ದಿನ ಅರ್ಜಿ ಹಾಕುವಷ್ಟು ಸಿದ್ಧವಾಗಿರಿ.

ನಿಮ್ಮ ಸಹೋದ್ಯೋಗಿಗಳಲ್ಲಿ ಇತಿಹಾಸದವರು, ಕನ್ನಡದವರು ಇದ್ದರೆ ಅವರಿಗೂ ಹೇಳಿ. ಇತಿಹಾಸಕ್ಕೆ ಐಸಿಎಚ್‌ಆರ್ ಇದೆ, ತತ್ವಶಾಸ್ತ್ರಕ್ಕೆ ಐಸಿಪಿಆರ್. ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆ ಆಯ್ಕೆಯಾದವರನ್ನು ಅಲ್ಲೇ ಇರಿಸಿಕೊಂಡು ಪುಸ್ತಕ ಬರೆಯಲು ಸಮಯ ಕೊಡುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಇತಿಹಾಸ ವಿದ್ಯಾರ್ಥಿಗೆ ವಸ್ತುವಿನ ಬರವಿಲ್ಲ. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ ನೆಲ ಅದು, ದಕ್ಷಿಣ ಭಾರತದ ಪ್ರಾಚೀನ ಕಾಲಗಣನೆಯ ಚರ್ಚೆ ಇವತ್ತಿಗೂ ಅದನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ. ಭೂವಿಜ್ಞಾನದವರಿಗೆ ಮರಡಿಹಳ್ಳಿಯ ದಿಂಬು ಲಾವಾ ಇದೆ, ಸುಮಾರು 250 ಕೋಟಿ ವರ್ಷ ಹಿಂದೆ ನೀರಿನಡಿ ಉಕ್ಕಿ ಗಟ್ಟಿಯಾದದ್ದು. ಪರದೇಶದಿಂದ ಬಂದು ನೋಡಿ ಹೋಗುತ್ತಾರೆ. ನಮ್ಮ ಹುಡುಗರು ಮಾತ್ರ ‘ಲೋಕಲ್ ಟಾಪಿಕ್, ಇದಕ್ಕೆ ಯಾರು ಫೆಲೋಶಿಪ್ ಕೊಡ್ತಾರೆ’ ಎಂದು ಬೇರೆ ಏನೋ ಹುಡುಕುತ್ತಾರೆ. ಈ ಹಿಂಜರಿಕೆ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ವಯಸ್ಸಿನ ಗೊಂದಲ ಹುಟ್ಟುವುದು ಎಲ್ಲ ಫೆಲೋಶಿಪ್‌ಗಳನ್ನೂ ಒಂದೇ ಗಡಿಯಾರದಲ್ಲಿ ಅಳೆಯುವುದರಿಂದ. ಕೆಲವು ನಿಮ್ಮ ವಯಸ್ಸು ಕೇಳುತ್ತವೆ, ಕೆಲವು ಪಿಎಚ್.ಡಿ. ಆಗಿ ಎಷ್ಟು ವರ್ಷವಾಯಿತು ಎಂದು ಮಾತ್ರ ಕೇಳುತ್ತವೆ. ನೀವು ಕೇಳಿದ 35ರ ಮಿತಿ ವಿಜ್ಞಾನ, ಎಂಜಿನಿಯರಿಂಗ್‌ನ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ನದು. ಅಲ್ಲೂ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ, ಒಬಿಸಿ ಮತ್ತು ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ ಇದೆ. ಹಂಬೋಲ್ಟ್ ಮತ್ತು ಫುಲ್‌ಬ್ರೈಟ್-ನೆಹರೂ ಪೋಸ್ಟ್‌ಡಾಕ್‌ಗಳಲ್ಲಿ ಪಿಎಚ್.ಡಿ. ಆಗಿ ನಾಲ್ಕು ವರ್ಷದ ಒಳಗಿರಬೇಕು. ನಿಮಗೆ ಮೂರು ಆಗಿದೆ. ವಿದೇಶದ ಆಸೆ ಎಲ್ಲೋ ಮೂಲೆಯಲ್ಲಿ ಇದ್ದರೂ ಈ ವರ್ಷವೇ ತೀರ್ಮಾನಿಸಬೇಕು. ಮೇರಿ ಕ್ಯೂರಿಯಲ್ಲಿ ವಯಸ್ಸಿನ ಮಾತೇ ಇಲ್ಲ, ಪಿಎಚ್.ಡಿ. ನಂತರದ ಸಂಶೋಧನಾ ಅನುಭವ ಎಂಟು ವರ್ಷ ಮೀರಿರಬಾರದು ಅಷ್ಟೇ, ಮಗುವಿಗಾಗಿ ಬಿಟ್ಟ ಅವಧಿಯನ್ನು ಅದರಲ್ಲಿ ಸೇರಿಸುವುದಿಲ್ಲ.

ಒಬಿಸಿ ಎಂದೆನಲ್ಲ, ಅಲ್ಲೊಂದು ಎಡವಟ್ಟು ನಮ್ಮ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಆಗುತ್ತದೆ. ರಾಜ್ಯದ ಪ್ರವರ್ಗ-1, 2ಎ, 3ಎ, 3ಬಿ ಪ್ರಮಾಣಪತ್ರ ಕೇಂದ್ರದ ಫೆಲೋಶಿಪ್‌ಗಳಿಗೆ ನಡೆಯುವುದಿಲ್ಲ. ಕೇಂದ್ರದ ಪಟ್ಟಿಯೇ ಬೇರೆ. ರಾಜ್ಯದಲ್ಲಿ ಹಿಂದುಳಿದ ವರ್ಗದಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದವರೂ ಇದ್ದಾರೆ. ನಾಡಕಚೇರಿಯಲ್ಲಿ ‘ಕೇಂದ್ರದ ಒಬಿಸಿ, ಕೆನೆಪದರಕ್ಕೆ ಸೇರಿಲ್ಲ’ ಎಂಬ ನಮೂನೆಯನ್ನೇ ಹೆಸರು ಹಿಡಿದು ಕೇಳಿ ಮಾಡಿಸಿಕೊಳ್ಳಿ. ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ತಹಶೀಲ್ದಾರ್ ಕಚೇರಿ ಮುಂದೆ ನಿಂತವರನ್ನು ಕಂಡಿದ್ದೇನೆ. ಅರ್ಜಿಯ ಉಳಿದೆಲ್ಲ ಚೆನ್ನಾಗಿದ್ದೂ ಒಂದು ಹಾಳೆಗಾಗಿ ಅವಕಾಶ ಹೋಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಯಾರೂ ಸರಿಯಾಗಿ ಹೇಳಿಕೊಡದೇ ಇರುವುದು: ಆತಿಥೇಯರನ್ನು, ಅಂದರೆ ನಿಮ್ಮನ್ನು ತಮ್ಮ ಸಂಸ್ಥೆಗೆ ಸೇರಿಸಿಕೊಂಡು ಮಾರ್ಗದರ್ಶನ ಮಾಡುವ ಮೆಂಟರನ್ನು, ಹುಡುಕುವ ಕೆಲಸ. ಫೆಲೋಶಿಪ್ ಕರೆ ಬಂದ ಮೇಲೆ ಮೆಂಟರ್ ಹುಡುಕುತ್ತೇವೆ ಎನ್ನುವವರೇ ಹೆಚ್ಚು. ಕ್ರಮ ತಿರುವುಮುರುವಾಗಬೇಕು. ಮೊದಲು ನಿಮ್ಮ ಪ್ರಶ್ನೆ, ಆಮೇಲೆ ಆ ಪ್ರಶ್ನೆಗೆ ತಕ್ಕ ವ್ಯಕ್ತಿ, ಆಮೇಲೆ ಹಣ ಎಲ್ಲಿಂದ ಎಂಬುದು. ಆಯ್ಕೆ ಸಮಿತಿಗಳಲ್ಲಿ ಕೂತಾಗ ನಾನು ಮೊದಲು ನೋಡುವುದು ಅಭ್ಯರ್ಥಿಯ ಅಂಕಪಟ್ಟಿಯನ್ನಲ್ಲ. ಈ ಪ್ರಶ್ನೆಯನ್ನು ಈ ಜಾಗದಲ್ಲಿ, ಈ ಮೆಂಟರ್ ಜೊತೆ, ಎರಡು ವರ್ಷದಲ್ಲಿ ಮುಗಿಸಲು ಆಗುತ್ತದೆಯೇ ಎಂದು ನೋಡುತ್ತೇನೆ. ‘ಕರ್ನಾಟಕದ ರೈತರ ಸಾಲದ ಸಮಸ್ಯೆಗಳು: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಕಂಡರೆ ಅದು ಹತ್ತು ವರ್ಷಕ್ಕೂ ಮುಗಿಯುವ ಕೆಲಸವಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಪ್ರಾಧ್ಯಾಪಕರಿಗೆ ಬರುವ ಪತ್ರಗಳಲ್ಲಿ ಬಹುಪಾಲು ಹೀಗಿರುತ್ತವೆ: ‘ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಮಚ್ ಇಂಟರೆಸ್ಟೆಡ್ ಟು ವರ್ಕ್ ಅಂಡರ್ ಯುವರ್ ಎಸ್ಟೀಮ್ಡ್ ಗೈಡೆನ್ಸ್.’ ಕೆಳಗೆ ಎಂಟು ಪುಟದ ಬಯೋಡೇಟಾ. ಹೆಸರು ಬದಲಿಸಿ ಐವತ್ತು ಜನರಿಗೆ ಕಳಿಸಿದ್ದು ಓದಿದ ಕೂಡಲೇ ತಿಳಿಯುತ್ತದೆ, ಉತ್ತರ ಬರುವುದಿಲ್ಲ. ನಿಮ್ಮ ಪತ್ರ ಹೀಗೆ ಶುರುವಾಗಲಿ: ಬಿತ್ತನೆ ವೇಳೆಗೆ ಬೀಜ, ಗೊಬ್ಬರಕ್ಕೆ ಮುಂಗಡ ತೆಗೆದುಕೊಂಡ ಚಳ್ಳಕೆರೆಯ ಶೇಂಗಾ ರೈತ ಸುಗ್ಗಿಯಲ್ಲಿ ಅದೇ ದಲಾಲರ ಅಂಗಡಿಗೆ ಮಾಲು ತರಬೇಕಾಗುತ್ತದೆ, ಇದನ್ನು ನನ್ನ ಪ್ರಬಂಧದಲ್ಲಿ ಹಳ್ಳಿ ಮಟ್ಟದ ಮಾಹಿತಿಯೊಂದಿಗೆ ದಾಖಲಿಸಿದ್ದೇನೆ. 2014ರಿಂದ ರಾಜ್ಯದ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು ಟೆಂಡರ್ ಆನ್‌ಲೈನ್ ಆಗಿದೆ. ಬೆಲೆ ಕೂಗುವವರು ಹೆಚ್ಚಾದರೂ ಮುಂಗಡದ ಕಟ್ಟು ಹಾಗೇ ಇದ್ದರೆ ರೈತನಿಗೆ ಸಿಗುವ ಬೆಲೆ ಬದಲಾಗುತ್ತದೆಯೇ? ಇದು ನನ್ನ ಮುಂದಿನ ಪ್ರಶ್ನೆ, ನೀವು ಗ್ರಾಮೀಣ ಸಾಲ ಮಾರುಕಟ್ಟೆ ಕುರಿತು ಬರೆದ ಇಂಥ ಲೇಖನದ ಇಂಥ ಮಾತಿಗೆ ಇದು ಹೊಂದುತ್ತದೆ ಎನಿಸಿತು. ಇಷ್ಟೇ. ಒಂದೂವರೆ ಪುಟದ ಟಿಪ್ಪಣಿ, ಎರಡು ಪುಟದ ಬಯೋಡೇಟಾ ಲಗತ್ತಿಸಿ. ಮೂರು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಅದಕ್ಕೂ ಬರದಿದ್ದರೆ ಮುಂದಿನವರಿಗೆ ಬರೆಯಿರಿ. ಒಂದೇ ವಿಭಾಗದ ಇಬ್ಬರಿಗೆ ಒಟ್ಟಿಗೆ ಬರೆಯಬೇಡಿ, ಅವರಿಬ್ಬರೂ ಒಂದೇ ಕಾರಿಡಾರಿನಲ್ಲಿ ಮಾತಾಡಿಕೊಳ್ಳುತ್ತಾರೆ.

ಪ್ರಬಂಧ ಕನ್ನಡದಲ್ಲಿದೆ ಎಂದು ನೀವು ಸಂಕೋಚದಿಂದ ಬರೆದಿದ್ದೀರಿ. ಸಂಕೋಚ ಪಡುವ ವಿಷಯವೇ ಅಲ್ಲ. ರೈತರು, ಹಮಾಲರು, ದಲಾಲರು ಆಡಿದ ಮಾತು ಅದರಲ್ಲಿ ಮೂಲರೂಪದಲ್ಲೇ ಉಳಿದಿರುತ್ತದೆ. ಆದರೆ ಅಹಮದಾಬಾದ್‌ನಲ್ಲೋ ದೆಹಲಿಯಲ್ಲೋ ಕೂತ ತಜ್ಞರು ಅದನ್ನು ಓದಲಾರರು, ಫೆಲೋಶಿಪ್ ಪ್ರಸ್ತಾವವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ. ಹಾಗಾಗಿ ಮುಂದಿನ ಆರು ತಿಂಗಳ ಕೆಲಸ ಇದು: ಪ್ರಬಂಧದ ಅತಿ ಗಟ್ಟಿಯಾದ ಒಂದು ಅಧ್ಯಾಯವನ್ನು ಆರಿಸಿಕೊಳ್ಳಿ. ಅದನ್ನು ಅನುವಾದ ಮಾಡಲು ಹೋಗಬೇಡಿ. ಅದೇ ಮಾಹಿತಿ ಇಟ್ಟುಕೊಂಡು, ಒಂದೇ ವಾದ ಹೂಡಿ ಇಂಗ್ಲಿಷಿನಲ್ಲಿ ಹೊಸದಾಗಿ ಒಂದು ಲೇಖನ ಬರೆಯಿರಿ. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಅಥವಾ ‘ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಎಕನಾಮಿಕ್ಸ್’ನಂಥ ಕಡೆ ಕಳಿಸಿ. ತಿರಸ್ಕಾರವಾದರೂ ಪರಿಶೀಲಕರ ಟಿಪ್ಪಣಿ ಬಂದರೆ ಅದೇ ಒಂದು ಪಾಠ. ಹಣ ಕಟ್ಟಿಸಿಕೊಂಡು ವಾರದಲ್ಲಿ ಪ್ರಕಟಿಸುವ ಪತ್ರಿಕೆಗಳ ಹತ್ತಿರ ಸುಳಿಯಬೇಡಿ. ಯುಜಿಸಿ 2025ರಲ್ಲಿ ತಾನು ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟ ಮೇಲೆ ಯಾವ ಪತ್ರಿಕೆ ಒಳ್ಳೆಯದು ಎಂದು ತೂಗಿ ನೋಡುವ ಹೊಣೆ ಸಂಶೋಧಕರು ಮತ್ತು ಸಂಸ್ಥೆಗಳ ಮೇಲೇ ಬಿದ್ದಿದೆ. ಹಣ ಕಟ್ಟಿ ಪ್ರಕಟಿಸಿದ ಒಂದು ಲೇಖನ ಬಯೋಡೇಟಾದಲ್ಲಿ ಕಂಡರೆ ಉಳಿದ ಒಳ್ಳೆಯ ಲೇಖನಗಳನ್ನೂ ಅನುಮಾನದಿಂದ ನೋಡುತ್ತಾರೆ. ನಿಮ್ಮ ಪ್ರಬಂಧ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಸೇರಿದೆಯೇ ಎಂದೂ ಒಮ್ಮೆ ನೋಡಿ, ಇಲ್ಲದಿದ್ದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ.

ನಿಮಗೆ ಸಂಸ್ಥೆ ಎಲ್ಲಿ? ದಾವಣಗೆರೆಯಲ್ಲಿರುವುದು ಈ ವಿಷಯದಲ್ಲಿ ಅನುಕೂಲವೇ. ಕರ್ನಾಟಕದಲ್ಲಿ ಐಸಿಎಸ್‌ಎಸ್‌ಆರ್ ನೆರವಿನ ಎರಡು ಸಂಶೋಧನಾ ಸಂಸ್ಥೆಗಳಿವೆ. ಒಂದು ಬೆಂಗಳೂರು ನಾಗರಬಾವಿಯ ಐಸೆಕ್, ಅಂದರೆ 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. ಇನ್ನೊಂದು ಧಾರವಾಡದ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ, ಸಿಎಂಡಿಆರ್. ಒಂದೇ ರೈಲು ಮಾರ್ಗದಲ್ಲಿ ನೀವು ಇವೆರಡರ ನಡುವೆ ಇದ್ದೀರಿ, ಧಾರವಾಡ ಹತ್ತಿರ. ನಿಮ್ಮ ಕ್ಷೇತ್ರಕಾರ್ಯ ತವರೂರಿನ ಮಂಡಿಯಲ್ಲೇ. ಎರಡು ವರ್ಷದಲ್ಲಿ ಮಾಹಿತಿ ಸಂಗ್ರಹಕ್ಕೆ ಹೋಗುವ ತಿಂಗಳುಗಳನ್ನು ಊರಲ್ಲೇ ಕಳೆಯಬಹುದು. ಮಗಳ ಶಾಲೆ ಬಿಡಿಸದೆ ಇದನ್ನು ಮಾಡಲು ಸಾಧ್ಯ, ಆದರೆ ಆ ಮಾತನ್ನು ಮೆಂಟರ್ ಜೊತೆ ಮೊದಲೇ ಆಡಿಕೊಳ್ಳಿ: ತಿಂಗಳಲ್ಲಿ ಎಷ್ಟು ದಿನ ಸಂಸ್ಥೆಯಲ್ಲಿರಬೇಕು, ಕ್ಷೇತ್ರಕಾರ್ಯದ ದಿನಗಳನ್ನು ಹಾಜರಿಯಲ್ಲಿ ಹೇಗೆ ತೋರಿಸಬೇಕು. ಹೆಂಗಸರು ಈ ಪ್ರಶ್ನೆ ಕೇಳಿದರೆ ಗಂಭೀರವಾಗಿಲ್ಲ ಅಂದುಕೊಳ್ಳುತ್ತಾರೇನೋ ಎಂದು ಅಳುಕುತ್ತಾರೆ. ಕೇಳದೆ ಸೇರಿಕೊಂಡು ಆರು ತಿಂಗಳಿಗೆ ಬಿಟ್ಟು ಬರುವುದಕ್ಕಿಂತ ಕೇಳುವುದು ಎಷ್ಟೋ ಮೇಲು.

ದಾವಣಗೆರೆ ವಿಶ್ವವಿದ್ಯಾಲಯದ ಆವರಣವಾದ ಶಿವಗಂಗೋತ್ರಿಯಲ್ಲೇ, ನಿಮ್ಮ ಗೈಡ್ ಜೊತೆಯಲ್ಲೇ ಮುಂದುವರಿಯಬಹುದೇ ಎಂದು ಮನಸ್ಸಿಗೆ ಬರುತ್ತದೆ. ಮನೆಗೆ ಹತ್ತಿರ, ಗೊತ್ತಿರುವ ಜನ. ನನ್ನ ಸಲಹೆ, ಬೇಡ. ಪಿಎಚ್.ಡಿ. ಮಾಡಿದ ಜಾಗದಲ್ಲೇ ಪೋಸ್ಟ್‌ಡಾಕ್ ಮಾಡಿದರೆ ಪರಿಶೀಲಕರ ಕಣ್ಣಿಗೆ ಅದು ಥೀಸಿಸ್‌ನ ಮುಂದುವರಿಕೆಯಾಗಿಯೇ ಕಾಣುತ್ತದೆ. ಹೊಸ ಜಾಗದಲ್ಲಿ ಯಾರೋ ನಿಮ್ಮ ಲೆಕ್ಕಾಚಾರವನ್ನು ಪ್ರಶ್ನಿಸುತ್ತಾರೆ, ನಿಮಗೆ ಗೊತ್ತಿಲ್ಲದ ಒಂದು ವಿಧಾನ ಕಲಿಸುತ್ತಾರೆ. ಇಡೀ ಅವಧಿಯ ಫಲ ಅದೇ.

ಅತಿಥಿ ಉಪನ್ಯಾಸದ ವಿಷಯ. ಫೆಲೋಶಿಪ್ ಪೂರ್ಣಾವಧಿಯದ್ದು, ಜೊತೆಗೆ ಬೇರೆ ಸಂಬಳ ಅಥವಾ ಗೌರವಧನ ಪಡೆಯುವಂತಿಲ್ಲ. ಅಂದರೆ ಬಿಡಲೇಬೇಕು. ಮರಳಿ ಬಂದಾಗ ಕೌನ್ಸೆಲಿಂಗ್‌ನಲ್ಲಿ ಸೇವೆಯ ವರ್ಷಗಳ ಅಂಕದಲ್ಲಿ ನೀವು ಎರಡು ವರ್ಷ ಹಿಂದೆ ಇರುತ್ತೀರಿ. ಆಗ ನಿಮ್ಮ ವಿಷಯದಲ್ಲಿ ಹತ್ತಿರದ ಕಾಲೇಜಿನಲ್ಲಿ ಕಾರ್ಯಭಾರ ಉಳಿದಿರುತ್ತದೆ ಎಂಬ ಖಾತ್ರಿಯನ್ನು ಯಾರೂ ಕೊಡಲಾರರು. ಇದು ನಿಜವಾದ ನಷ್ಟ, ಲೆಕ್ಕಕ್ಕೆ ಹಿಡಿಯಿರಿ. ಇನ್ನೊಂದು ತೊಡಕು ಹಣ ತಡವಾಗುವುದು. ಫೆಲೋಶಿಪ್ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ, ಪ್ರಗತಿ ವರದಿ, ಖರ್ಚಿನ ಪ್ರಮಾಣಪತ್ರ ಸಂಸ್ಥೆಯಿಂದ ಹೋಗಿ ತಲುಪಿದ ಮೇಲೆ ಮುಂದಿನ ಕಂತು. ನಾಲ್ಕೈದು ತಿಂಗಳು ಕೈಯಿಂದ ನಡೆಸುವಷ್ಟು ಇಲ್ಲದೆ ಹೊರಡಬೇಡಿ. ಪಿಎಫ್, ಪಿಂಚಣಿ ಇಲ್ಲ. ಅವಧಿ ಮುಗಿದ ಮರುದಿನ ಏನು ಎಂಬುದಕ್ಕೂ ಉತ್ತರ ಇರುವುದಿಲ್ಲ, ಅದಕ್ಕೇ ಎರಡನೇ ವರ್ಷದ ಮಧ್ಯದಲ್ಲೇ ಮುಂದಿನ ಅರ್ಜಿಗಳು ಹೊರಡಬೇಕು. ಅರ್ಜಿ ಹಾಕಿದಾಗಿಂದ ಫಲಿತಾಂಶದವರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆಯ್ಕೆ ಪತ್ರ ಕೈಗೆ ಬಂದು, ಸೇರುವ ದಿನ ಗೊತ್ತಾಗುವವರೆಗೂ ಕಾಲೇಜು ಬಿಡಬೇಡಿ. ಅರ್ಜಿ ಹಾಕುವುದಕ್ಕೆ ರಾಜೀನಾಮೆ ಬೇಕಿಲ್ಲ.

ಇಷ್ಟನ್ನೂ ತೂಗಿ ನನ್ನ ಅಭಿಪ್ರಾಯ ಕೇಳಿದರೆ: ಹಾಕಿ. ಕೆ-ಸೆಟ್ ಆಗಿದೆ, ಹಾಗಾಗಿ ಬೋಧನೆಯ ಬಾಗಿಲು ನಿಮಗೆ ಮುಚ್ಚುವುದಿಲ್ಲ. ಆದರೆ ಈ ಪ್ರಶ್ನೆಗೆ ಬೇಕಾದ ನಂಟು, ಭಾಷೆ, ಮಂಡಿಯೊಳಗಿನ ಪರಿಚಯ ನಿಮಗೆ ಇರುವಷ್ಟು ಬೆಂಗಳೂರಿನಲ್ಲಿ ಓದಿದವರಿಗೆ ಇರಲಾರದು. ದಲಾಲರು ಲೆಕ್ಕದ ಪುಸ್ತಕ ತೆರೆದು ತೋರಿಸುವುದು ಗೊತ್ತಿದ್ದವರ ಮಗಳಿಗೆ ಮಾತ್ರ.

ನಿಮ್ಮ ತಮ್ಮನ ದಾರಿ ಇನ್ನೂ ಸರಳ. ಸಮಯ ಅವನ ಕಡೆಗಿದೆ. ವಿಜ್ಞಾನದಲ್ಲಿ ಮೊದಲು ನೋಡಬೇಕಾದದ್ದು ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್, ಎನ್‌ಪಿಡಿಎಫ್. ಮೊದಲು ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಕೊಡುತ್ತಿತ್ತು, ಈಗ ಅದನ್ನು ಒಳಗೊಂಡ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಎಎನ್‌ಆರ್‌ಎಫ್. ಎರಡು ವರ್ಷ, ಜೊತೆಗೆ ಪ್ರತ್ಯೇಕ ಸಂಶೋಧನಾ ಅನುದಾನ. ಥೀಸಿಸ್ ಸಲ್ಲಿಸಿ ವೈವಾಗೆ ಕಾಯುತ್ತಿರುವವರೂ ಅರ್ಜಿ ಹಾಕಬಹುದು, ಪದವಿ ಪ್ರದಾನವಾಗುವವರೆಗೆ ಕಡಿಮೆ ಮೊತ್ತ ಬರುತ್ತದೆ. ಎರಡು ನಿಯಮ ಅವನಿಗೆ ಮೊದಲೇ ಗೊತ್ತಿರಲಿ: ಜೀವಮಾನದಲ್ಲಿ ಒಮ್ಮೆ ಮಾತ್ರ ಇದು ಸಿಗುತ್ತದೆ, ಮತ್ತು ಒಬ್ಬ ಮೆಂಟರ್ ಹತ್ತಿರ ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ಎನ್‌ಪಿಡಿಎಫ್ ಫೆಲೋಗಳು ಇರುವಂತಿಲ್ಲ. ಹೆಸರಾಂತ ಪ್ರಾಧ್ಯಾಪಕರ ಹತ್ತಿರ ಆ ಎರಡು ಜಾಗ ಬೇಗ ತುಂಬುತ್ತವೆ. ಕರೆ ಬರುವುದಕ್ಕೆ ಮೊದಲೇ ಬರೆಯಬೇಕು ಎಂದು ಮೇಲೆ ಹೇಳಿದ್ದು ಅವನಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಇದರ ಜೊತೆಗೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನ (ಸಿಎಸ್‌ಐಆರ್) ರಿಸರ್ಚ್ ಅಸೋಸಿಯೇಟ್‌ಶಿಪ್ (ಆರ್‌ಎ) ಇದೆ. ಕೇಂದ್ರ ಸರ್ಕಾರ 2023ರ ಜನವರಿಯಿಂದ ಪರಿಷ್ಕರಿಸಿದ ದರದಲ್ಲಿ ಆರ್‌ಎ ಮೂರು ಹಂತಗಳಿಗೆ ತಿಂಗಳಿಗೆ 58,000, 61,000, 67,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್ಸಿ), ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಐಐಟಿಗಳು ತಮ್ಮದೇ ಪೋಸ್ಟ್‌ಡಾಕ್‌ಗಳನ್ನು ತೆಗೆದುಕೊಳ್ಳುತ್ತವೆ. ಪ್ರಾಧ್ಯಾಪಕರ ಪ್ರಾಜೆಕ್ಟ್‌ಗಳಲ್ಲೂ ಜಾಗವಿರುತ್ತವೆ: ಬೇಗ ಸಿಗುತ್ತದೆ, ಆದರೆ ಪ್ರಶ್ನೆ ಅವರದ್ದು, ಪ್ರಾಜೆಕ್ಟ್ ಮುಗಿದಾಗ ಕೆಲಸವೂ ಮುಗಿಯುತ್ತದೆ. ಜೀವವಿಜ್ಞಾನದ ಗೆಳೆಯರಿದ್ದರೆ ಅವರಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಆರ್‌ಎ ಯೋಜನೆ ಇದೆ, ಅದನ್ನು ನಿರ್ವಹಿಸುವುದು ಬೆಂಗಳೂರಿನ ಐಐಎಸ್ಸಿಯೇ. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಐಐಎಸ್ಸಿ ಕ್ಯಾಂಪಸ್ ಬಂದಿದೆ, ಸ್ಥಳೀಯರಿಗೆ ಅಲ್ಲಿ ಪೋಸ್ಟ್‌ಡಾಕ್ ಸಿಗುತ್ತದೆ ಎಂಬ ಮಾತು ಚಳ್ಳಕೆರೆ ಕಡೆ ಓಡಾಡುತ್ತದೆ. ಸ್ಥಳೀಯ ಕೋಟಾ ಎಂಬುದು ಪೋಸ್ಟ್‌ಡಾಕ್‌ನಲ್ಲಿ ಇಲ್ಲ. ಐಐಎಸ್ಸಿಗೆ ಹೋಗಬೇಕೆಂದರೆ ಆಯಾ ವಿಭಾಗದ ಪ್ರಾಧ್ಯಾಪಕರ ಮೂಲಕವೇ ಹೋಗಬೇಕು.

ಯುರೋಪ್ ಆಸೆಯನ್ನು ಆ ಏಜೆನ್ಸಿಯ ಕಾರಣಕ್ಕೆ ಅವನು ಬಿಡಬೇಕಾಗಿಲ್ಲ. ಮೇರಿ ಕ್ಯೂರಿಗೆ ಅವನು ಅರ್ಹನೇ, ಆದರೆ ಕರೆಯ ಕೊನೆಯ ದಿನಕ್ಕೆ ವೈವಾ ಯಶಸ್ವಿಯಾಗಿ ಮುಗಿದಿರಬೇಕು, ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಅಲ್ಲಿ ಸ್ಪರ್ಧೆ ಜೋರು, ಪ್ರಸ್ತಾವಕ್ಕೆ ನಾಲ್ಕೈದು ತಿಂಗಳ ಕೆಲಸ ಬೇಕು. ಮೊದಲು ದೇಶದಲ್ಲೇ ಒಂದು ಒಳ್ಳೆಯ ಲ್ಯಾಬ್‌ನಲ್ಲಿ ಸೇರಿ, ಎರಡು ಗಟ್ಟಿ ಲೇಖನ ಮಾಡಿಕೊಂಡು, ಅಲ್ಲಿಂದ ಅರ್ಜಿ ಹಾಕುವುದು ಅವನ ಪರಿಸ್ಥಿತಿಗೆ ಹೆಚ್ಚು ಹೊಂದುತ್ತದೆ ಎಂದು ನನಗನಿಸುತ್ತದೆ. ವೈವಾ ದಿನಾಂಕಕ್ಕೆ ಕಾಯುತ್ತಾ ಮನೆಯಲ್ಲಿ ಕೂರುವುದು ಬೇಡ. ಥೀಸಿಸ್ ಸಲ್ಲಿಕೆಯ ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯದಿಂದ ಈಗಲೇ ಪಡೆಯಲಿ, ವೈವಾ ಮುಗಿದ ಕೂಡಲೇ ಅಧಿಸೂಚನೆಯ ಪ್ರತಿಯನ್ನೂ ತೆಗೆದಿಟ್ಟುಕೊಳ್ಳಲಿ. ಘಟಿಕೋತ್ಸವದ ಪದವಿ ಪತ್ರ ಬರುವವರೆಗೆ ಎಲ್ಲ ಕಡೆ ಕೇಳುವುದು ಆ ಎರಡು ಹಾಳೆಗಳನ್ನೇ.